ಕಾವಿಗೆ ಕೂತ ಕಚೇರಿ

ನಮ್ಮ ಊರಿನಲ್ಲಿ ಕರೆಂಟು ಹನ್ನೆರಡು ತಾಸಿಗಿಂತ ಹೆಚ್ಚು ಹೊತ್ತು ಹೋದರೆ ವಿದ್ಯುತ್ ಕಚೇರಿಯವರು ಪರಿಹಾರವೆಂದು ಹಣ ಕೊಡುವುದಿಲ್ಲ, ಆಳು ಕೊಡುತ್ತಾರೆ. ಎಷ್ಟು ತಾಸು ಕರೆಂಟು ಇರಲಿಲ್ಲವೋ ಅಷ್ಟು ತಾಸು ಕಚೇರಿಯ ಒಬ್ಬರು ನಷ್ಟವಾದವರ ಮನೆಗೆ ಹೋಗಿ, ಕರೆಂಟು ಮಾಡಬೇಕಿದ್ದ ಕೆಲಸವನ್ನು ತಮ್ಮ ಕೈಯಿಂದ ಮಾಡಿಕೊಡಬೇಕು. ಊರವರು ಇದಕ್ಕೆ ತಾಸು ತೀರಿಸುವುದು ಎನ್ನುತ್ತಾರೆ. ನಾನು ಈ ಕಚೇರಿಗೆ ಸೇರಿ ಹನ್ನೊಂದು ವರ್ಷವಾಯಿತು. ಇಷ್ಟರಲ್ಲಿ ಜೋಳ ಬೀಸಿದ್ದೇನೆ, ಬಾವಿಯಿಂದ ನೀರು ಸೇದಿ ಮೂರನೆಯ ಮಹಡಿಗೆ ಹೊತ್ತಿದ್ದೇನೆ, ಕ್ಷೌರದಂಗಡಿಯಲ್ಲಿ ಗಿರಾಕಿಗಳಿಗೆ ಗಾಳಿ ಬೀಸಿದ್ದೇನೆ. ಒಮ್ಮೆ ಚಿತ್ರಮಂದಿರದಲ್ಲಿ ಮಧ್ಯಂತರದ ಹೊತ್ತಿಗೆ ಹೋದ ಕರೆಂಟು ಮಾರನೆಯ ದಿನದವರೆಗೆ ಬರಲಿಲ್ಲ. ಆಗ ನಮ್ಮ ಕ್ಯಾಷಿಯರ್ ತೋಟಪ್ಪ ಮತ್ತು ಟೈಪಿಸ್ಟ್ ವಿಮಲಾಬಾಯಿ ಇಬ್ಬರೂ ತೆರೆಯ ಮುಂದೆ ನಿಂತು ಉಳಿದ ಅರ್ಧ ಸಿನಿಮಾವನ್ನು ಆಡಿ ತೋರಿಸಿದರು. ಆ ಸಿನಿಮಾವನ್ನು ಅವರಿಬ್ಬರೂ ನೋಡಿರಲಿಲ್ಲ. ಮುಂದಿನ ವಾರ ನಿಜವಾದ ಉತ್ತರಾರ್ಧ ಹಾಕಿದಾಗ, ಇವರು ಆಡಿದ್ದೇ ಚೆನ್ನಾಗಿತ್ತೆಂದು ಜನ ಎದ್ದು ಹೋದರು. ನಮ್ಮಲ್ಲಿ ಕೆಲಸಕ್ಕೆ ತೆಗೆದುಕೊಳ್ಳುವಾಗ ಅಂಕಪಟ್ಟಿಯ ಜೊತೆ ಅಂಗೈಯನ್ನೂ ತಿರುಗಿಸಿ ನೋಡುತ್ತಾರೆ.

ನನ್ನ ಹೆಸರು ಮಂದಾಕಿನಿ. ಸಹಾಯಕ ಇಂಜಿನಿಯರ್. ದುರಸ್ತಿಗೆಂದು ಕರೆಂಟು ತೆಗೆಯುವ ಆದೇಶಕ್ಕೆ ಸಹಿ ಮಾಡುವವಳು ನಾನು. ಸಹಿ ಮಾಡಿದವರೇ ಮೊದಲು ತಾಸು ತೀರಿಸಲು ಹೋಗಬೇಕೆಂಬುದು ನಿಯಮ. ಈ ನಿಯಮದ ಬಗ್ಗೆ ನನಗೆ ಯಾವತ್ತೂ ಬೇಸರವಿರಲಿಲ್ಲ. ನನ್ನ ಕೆಲಸ ನನಗೆ ಗೊತ್ತು. ಯಾವ ತಂತಿ ಎಷ್ಟು ಭಾರ ತಡೆಯುತ್ತದೆ, ಯಾವ ಕಂಬಕ್ಕೆ ಎಷ್ಟು ವರ್ಷವಾಯಿತು ಎಂದು ಕೇಳಿದರೆ ಕಾಗದ ನೋಡದೆ ಹೇಳಬಲ್ಲೆ. ತಪ್ಪಿಲ್ಲದೆ ಸಹಿ ಮಾಡಿದವಳು ತಲೆಯೆತ್ತಿಕೊಂಡೇ ಜೋಳ ಬೀಸಬಹುದು. ಹುಲಿಗೆವ್ವನ ಮನೆಗೆ ಹೋಗಿ ಬರುವತನಕ ನಾನು ಹಾಗೆಂದೇ ತಿಳಿದಿದ್ದೆ.

ಹುಲಿಗೆವ್ವನಿಗೆ ಐವತ್ತರ ಆಸುಪಾಸು. ಬಳೆಗಾರ ಓಣಿಯ ಕೊನೆಯಲ್ಲಿ ಅವಳದು ಎರಡು ಕೋಣೆಯ ಮನೆ. ಒಂದು ಕೋಣೆಯಲ್ಲಿ ಅವಳು, ಇನ್ನೊಂದರಲ್ಲಿ ಮರಿ ಮಾಡುವ ಕಪಾಟು. ಆಳೆತ್ತರದ ಮರದ ಕಪಾಟು ಅದು. ಒಳಗೆ ಎಂಟು ಟ್ರೇ, ಸಾಲು ಬಲ್ಬು, ಪುಟ್ಟದೊಂದು ಫ್ಯಾನು, ತಳದಲ್ಲಿ ನೀರಿನ ತಟ್ಟೆ. ನಮ್ಮ ಊರಿನ ಕೋಳಿಗಳು ಮೊಟ್ಟೆ ಇಡುತ್ತವೆಯೇ ಹೊರತು ಕಾವಿಗೆ ಕೂರುವುದಿಲ್ಲ. ಇದು ಯಾವಾಗಿನಿಂದ ಹೀಗೆಂದು ಯಾರಿಗೂ ನೆನಪಿಲ್ಲ. ಹಾಗಾಗಿ ಊರಿನ ನಲವತ್ತು ಮನೆಗಳ ಮೊಟ್ಟೆ ಹುಲಿಗೆವ್ವನ ಕಪಾಟಿಗೇ ಬರಬೇಕು. ಪ್ರತಿ ಮೊಟ್ಟೆಯ ಮೇಲೂ ಆಯಾ ಮನೆಯ ಗುರುತು ಇರುತ್ತದೆ. ಒಬ್ಬರದು ಎಲೆ, ಒಬ್ಬರದು ಕತ್ತರಿ, ಒಬ್ಬರದು ಬರೀ ಎರಡು ಗೀಟು. ಇಪ್ಪತ್ತೊಂದನೆಯ ದಿನ ಹೆಂಗಸರು ಸೆರಗಿನಲ್ಲಿ ಮರಿ ತುಂಬಿಕೊಂಡು ಹೋಗುತ್ತಾರೆ. ಐದರಲ್ಲಿ ಒಂದು ಮರಿ ಹುಲಿಗೆವ್ವನಿಗೆ ಬಿಡುತ್ತಾರೆ. ಅವಳ ಬದುಕು ಅದು.

ಹೋದ ವರ್ಷದ ಗಾಳಿಯಲ್ಲಿ ಊರಿಗೆಲ್ಲ ಇಪ್ಪತ್ತಾರು ತಾಸು ಕರೆಂಟು ಹೋಯಿತು. ಹುಲಿಗೆವ್ವ ಕಪಾಟಿನ ಕೆಳಗೆ ಕೆಂಡದ ಮಡಕೆ ಇಟ್ಟಳಂತೆ. ಕೆಳಗಿನ ಮೊಟ್ಟೆ ಬೆಂದವು, ಮೇಲಿನವು ತಣ್ಣಗಾದವು, ನಡುವಿನವು ಹೊಗೆಗೆ ಸತ್ತವು. ತಾಸು ತೀರಿಸಲು ನಾನು ಹೋದಾಗ ಮಾಡುವ ಕೆಲಸವೇ ಇರಲಿಲ್ಲ. ಸತ್ತ ಮೊಟ್ಟೆಗಳಿಗೆ ಕಾವು ಕೊಡಲಾದೀತೇ? ಹಿತ್ತಲಲ್ಲಿ ಗುಂಡಿ ತೆಗೆದು ಅವನ್ನು ಹೂತೆ. ಟ್ರೇಗಳನ್ನು ಬೂದಿ ಹಾಕಿ ತಿಕ್ಕಿದೆ, ಒಣಗಿಸಿದೆ, ಮತ್ತೆ ತಿಕ್ಕಿದೆ. ಮೂರು ದಿನ ಹೀಗೇ ತಾಸು ಕಳೆದೆ. ಆ ಮೂರು ದಿನವೂ ಮನೆಮನೆಯ ಹೆಂಗಸರು ಬಂದು ಬಾಗಿಲಲ್ಲಿ ನಿಂತು ಖಾಲಿ ಕಪಾಟು ನೋಡಿ ಹೋಗುವುದನ್ನು ಕಂಡೆ. ಕೊನೆಯ ದಿನ ಹುಲಿಗೆವ್ವ ನನಗೆ ಚಹಾ ಕೊಟ್ಟು, ಟ್ರೇ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು.

"ಚಲೋ ತೊಳದ್ರಿ ಬಾಯಾರ," ಎಂದಳು. "ಆದ್ರ ನನಗ ತೊಳಿಯೋರು ಬೇಕಾಗಿದ್ದಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಉತ್ತರ ಕೊಡುತ್ತಿದ್ದೆ.

ಈ ವರ್ಷದ ವಿಷಯ ಬೇರೆ. ನಮ್ಮ ಊರಿಗೆ ಕರೆಂಟು ಬರುವುದು ಒಂದೇ ಲೈನಿನಲ್ಲಿ. ಊರ ಮೂಡಲಿಗಿರುವ ಜವುಗು ನೆಲವನ್ನು ದಾಟಿ, ಮರದ ಕಂಬಗಳ ಮೇಲೆ ಅದು ಬರುತ್ತದೆ. ಲೈನ್‌ಮನ್ ಬುಡ್ನೇಸಾಬ ಒಂದು ಬೆಳಿಗ್ಗೆ ಬಂದು, ಜವುಗಿನ ನಡುವಿನ ಮೂರು ಕಂಬ ವಾಲಿವೆ ಎಂದ. ಹೋಗಿ ನೋಡಿದೆ. ಕಂಬದ ಬುಡಕ್ಕೆ ಹಾರೆ ಒತ್ತಿದರೆ ಹಣ್ಣಾದ ಪಪ್ಪಾಯಿಗೆ ಒತ್ತಿದ ಹಾಗೆ ಒಳಗೆ ಹೋಯಿತು. ತಂತಿ ಜೋತು ಕಾಲುದಾರಿಯ ಮೇಲೆ ಎದೆಯ ಮಟ್ಟಕ್ಕೆ ಬಂದಿತ್ತು. ಊರುಗೋಲು ಕೊಟ್ಟು ನಿಲ್ಲಿಸೋಣವೆಂದರೆ ಆ ಕೆಸರಿನಲ್ಲಿ ಊರಲು ಗಟ್ಟಿ ನೆಲವಿಲ್ಲ. ಮೂರೂ ಕಂಬ ಕಿತ್ತು, ಕಲ್ಲು ತುಂಬಿ, ಹೊಸದನ್ನು ನೆಡಬೇಕು. ಅದಕ್ಕೆ ಎರಡೂವರೆ ದಿನ, ಅಂದರೆ ಅರವತ್ತು ತಾಸು. ನಾಳಿದ್ದು ಸಂತೆ. ಹಳ್ಳಿಗಳ ಜನವೆಲ್ಲ ತಲೆಯ ಮೇಲೆ ಬುಟ್ಟಿ ಹೊತ್ತು ಆ ದಾರಿಯಲ್ಲೇ ಬರುತ್ತಾರೆ, ಜವುಗು ದಾಟಲು ಬೇರೆ ದಾರಿಯಿಲ್ಲ. ಆ ದಾರಿಗೆ ಅಡ್ಡವಾಗಿ ಹಗ್ಗ ಕಟ್ಟಿಸಿ, ಕಾವಲಿಗೆ ಒಬ್ಬನನ್ನು ನಿಲ್ಲಿಸಿ, ಕೆಸರು ಕಾಲಿನಲ್ಲೇ ಬಳೆಗಾರ ಓಣಿಗೆ ನಡೆದೆ. ಕಚೇರಿಗೆ ಆಮೇಲೆ ಹೋದೆ.

ಹುಲಿಗೆವ್ವ ಮೊಟ್ಟೆ ತಿರುಗಿಸುತ್ತಿದ್ದಳು. ದಿನಕ್ಕೆ ಮೂರು ಸಲ ಪ್ರತಿ ಮೊಟ್ಟೆಯನ್ನೂ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಒಳಗಿನ ಜೀವ ಸಿಪ್ಪೆಗೆ ಅಂಟಿಕೊಳ್ಳುತ್ತದೆ. ಕಪಾಟಿನಲ್ಲಿ ಆರುನೂರಾ ನಲವತ್ತು ಮೊಟ್ಟೆ ಇದ್ದವು. ಅಂದಿಗೆ ಹದಿನಾರನೆಯ ದಿನ. ನಾನು ವಿಷಯ ಹೇಳಿದೆ.

"ಎಷ್ಟು ತಾಸು?"

"ಅರವತ್ತು. ನಾಳಿ ಮುಂಜಾನಿಂದ."

ಅವಳು ಕೈಯಲ್ಲಿದ್ದ ಮೊಟ್ಟೆಯನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟಳು. "ಇನ್ನೈದು ದಿನ ತಡದ್ರ ಮರಿ ಹೊರಗ ಬರ್ತಾವ. ತಡೀತೀರೇನು?"

"ತಡಿಯಾಕ ಆಗೂದಿಲ್ಲಕ್ಕ. ತಂತಿ ಎದಿಮಟ್ಟಕ್ಕ ಬಂದೈತಿ. ನಾಡದು ಸಂತಿ."

"ಹಂಗಾರ ತಗೀರಿ," ಎಂದಳು. "ಮಂದಿ ಜೀವಕ್ಕಿಂತ ತತ್ತಿ ದೊಡ್ಡೂ ಅಲ್ಲ."

ಅವಳು ಬೇಡಿಕೊಂಡಿದ್ದರೆ ನಿಯಮ ಹೇಳಿ ಹೊರಟುಬಿಡಬಹುದಿತ್ತು. ನಾನು ಕಪಾಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕರೆಂಟು ಇದ್ದಾಗ ಈ ಕಪಾಟು ಮಾಡುವುದೇನು, ಒಂದೊಂದಾಗಿ ಹೇಳು ಎಂದೆ. ಹೇಳಿದಳು. ಹೆಚ್ಚೇನಿಲ್ಲ. ಜ್ವರ ಇಲ್ಲದ ಮನುಷ್ಯನ ಮೈ ಎಷ್ಟು ಬೆಚ್ಚಗಿರುತ್ತದೋ ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚಿನ ಕಾವು, ಎಲ್ಲ ಕಡೆಗೂ ಒಂದೇ ಸಮ. ಸ್ವಲ್ಪ ತೇವ. ಮಗ್ಗುಲು ಬದಲಿಸುವುದು. ಅಷ್ಟೇ. ಕೆಂಡಕ್ಕೆ ಈ ಸಮ ಗೊತ್ತಿಲ್ಲ, ಅದಕ್ಕೇ ಕೊಂದಿತು ಎಂದಳು. ಇದನ್ನು ಕೇಳುತ್ತ ನನ್ನ ತಲೆಯಲ್ಲಿ ಲೆಕ್ಕ ಮೂಡಿಬಿಟ್ಟಿತ್ತು. ಕರೆಂಟು ಇಲ್ಲದ ದಿನ ನಮ್ಮ ಕಚೇರಿಯಲ್ಲಿ ಲೈನ್‌ಮನ್‌ಗಳ ಹೊರತು ಮಿಕ್ಕವರೆಲ್ಲ ಸುಮ್ಮನೆ ಕೂತಿರುತ್ತಾರೆ. ಅವರೆಲ್ಲರಿಗೂ ಮೈ ಇದೆ, ಮೈಯಲ್ಲಿ ಕಾವಿದೆ.

ನಮ್ಮ ಮೇಲಧಿಕಾರಿ ಶಂಭುಲಿಂಗಪ್ಪನವರು ನಿಯಮದ ಮನುಷ್ಯ. ಕೆಟ್ಟವರಲ್ಲ. ತಮ್ಮ ಸಹಿಯಿಂದ ಹೋದ ಕರೆಂಟಿಗೆ ತಾವೇ ಹೋಗಿ, ಅರವತ್ತರ ಹತ್ತಿರದ ವಯಸ್ಸಿನಲ್ಲೂ, ಗಿರಣಿಯಲ್ಲಿ ಮೆಣಸಿನಕಾಯಿ ಕುಟ್ಟಿ ಬಂದವರು. ಕಂಬದ ವಿಷಯಕ್ಕೆ ಅವರು ತಕ್ಷಣ ಒಪ್ಪಿದರು. ಮೊಟ್ಟೆಯ ವಿಷಯಕ್ಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆಗದ ನಷ್ಟಕ್ಕ ಪರಿಹಾರ ಕೊಡಾಕ ಬರೂದಿಲ್ರಿ ಮಂದಾಕಿನಿಯವರ."

"ಆದಮ್ಯಾಲ ಕೊಡಾಕ ನಮ್ಮ ಹತ್ರ ಏನೈತ್ರಿ ಸರ್? ಹೋದ ಸಲ ನಾ ಟ್ರೇ ತಿಕ್ಕಿ ಬಂದೀನಿ."

ಅವರು ಬಹಳ ಹೊತ್ತು ತಿಳಿಸಿ ಹೇಳಿದರು. ಐಸ್ ಕಾರ್ಖಾನೆಯಿದೆ, ಹಿಟ್ಟಿನ ಗಿರಣಿಯಿದೆ, ಚಿತ್ರಮಂದಿರವಿದೆ. ಎಲ್ಲರಿಗೂ ಅರವತ್ತು ತಾಸಿನ ನಷ್ಟವಾಗುತ್ತದೆ. ಎಲ್ಲರೂ ನಾಳೆ ಅರ್ಜಿ ಹಿಡಿದು ಬರುತ್ತಾರೆ. ನಷ್ಟವೇ ಆಗದವಳ ಮನೆಯಲ್ಲಿ ಇಡೀ ಕಚೇರಿ ಕೂತಿತ್ತೆಂದರೆ ಅವರಿಗೆ ಏನು ಹೇಳುವುದು? ಪ್ರಶ್ನೆ ನ್ಯಾಯವಾಗಿತ್ತು. ಆ ಮೂವರ ತಾಸನ್ನೂ ನಾನೊಬ್ಬಳೇ ತೀರಿಸುತ್ತೇನೆ, ಎಷ್ಟು ತಿಂಗಳಾದರೂ ಸರಿ ಎಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, ನಿಯಮದಲ್ಲಿ ಇಲ್ಲದ್ದಕ್ಕೆ ತಾನು ಅಪ್ಪಣೆ ಕೊಡಲಾರೆ ಎಂದರು. ಕೊಡಬೇಡಿ, ನಾನು ರಜೆ ಹಾಕುತ್ತೇನೆ, ರಜೆಯಲ್ಲಿ ಎಲ್ಲಿ ಕೂರಬೇಕೆಂದು ನಿಯಮದಲ್ಲಿ ಬರೆದಿಲ್ಲವಲ್ಲ ಎಂದೆ. ಅಂದು ಸಂಜೆಯೊಳಗೆ ಅವರ ಮೇಜಿನ ಗಾಜಿನ ಗುಂಡಿನ ಕೆಳಗೆ ಹದಿನಾರು ರಜೆ ಅರ್ಜಿಗಳಿದ್ದವು. ಏಳು ಜನ ಕೊಡಲಿಲ್ಲ. ನಾನು ಯಾರನ್ನೂ ಒತ್ತಾಯ ಮಾಡಲಿಲ್ಲ. ತೋಟಪ್ಪ ಮಾತ್ರ, ಸಿನಿಮಾ ಆಡಿದವನಿಗೆ ಕೋಳಿ ಆಗುವುದೇನು ಕಷ್ಟ ಎಂದು ಎಲ್ಲರಿಗಿಂತ ಮೊದಲು ಬರೆದುಕೊಟ್ಟ.

ಮರುದಿನ ಬೆಳಿಗ್ಗೆ ಆರಕ್ಕೆ ನಾನೇ ಸ್ವಿಚ್ಚು ಕೆಳಗೆಳೆದೆ. ಬುಡ್ನೇಸಾಬ ತನ್ನ ಜನರೊಂದಿಗೆ ಜವುಗಿಗೆ ಇಳಿದ. ನಾನು ಬಳೆಗಾರ ಓಣಿಗೆ ಬರುವಷ್ಟರಲ್ಲಿ ಹುಲಿಗೆವ್ವ ಕಪಾಟಿನ ಕೋಣೆಯನ್ನು ಸಿದ್ಧ ಮಾಡಿದ್ದಳು. ಕಿಟಕಿಗೆ ಗೋಣಿ ಬಡಿದಿದ್ದಳು. ನೆಲದ ಮೇಲೆ ಭತ್ತದ ಹೊಟ್ಟಿನ ಎಂಟು ಗೂಡುಗಳು. ಹೊಟ್ಟನ್ನು ದೊಡ್ಡ ಬಾಣಲೆಯಲ್ಲಿ ಹುರಿದು, ಕೈ ತಡೆಯುವಷ್ಟು ಆರಿಸಿ, ಚೀಲಕ್ಕೆ ತುಂಬಿ ತಳಕ್ಕೆ ಹಾಸಿದ್ದಳು. ಪ್ರತಿ ಗೂಡಿಗೆ ಒಂದು ಟ್ರೇಯ ಎಂಬತ್ತು ಮೊಟ್ಟೆ. ಗೂಡಿನ ಸುತ್ತ ಒಬ್ಬರು ಮೈ ಬಳಸಿ ಮಲಗಬೇಕು, ಹೊಟ್ಟೆಯನ್ನು ಮೊಟ್ಟೆಗಳಿಗೆ ತಾಗಿಸಿ. ಮೇಲೆ ಹೊದೆಯಲು ಕೌದಿ. ಆರು ತಾಸಿಗೊಮ್ಮೆ ಆಳು ಬದಲಿ. ರಾತ್ರಿಯ ತಂಪಿಗೆ ಗೂಡಿನ ಎರಡೂ ಬದಿ ಇಬ್ಬರು. ನಲವತ್ತು ಮನೆಯ ಹೆಂಗಸರು ಕೌದಿ ತಂದುಕೊಟ್ಟರು. ತಾವೂ ಮಲಗುತ್ತೇವೆ ಎಂದರು. ಬೇಡ ಎಂದೆ. ಕರೆಂಟು ತೆಗೆದವರು ನಾವು, ಕಾವು ನಮ್ಮದೇ ಆಗಬೇಕು. ಅವರಿಗೆ ಹೊಟ್ಟು ಹುರಿಯುವ ಕೆಲಸ ಕೊಟ್ಟೆವು.

ಮೊದಲ ದಿನ ಎಲ್ಲರಿಗೂ ನಗು. ಹತ್ತು ವರ್ಷ ಎದುರುಬದುರು ಕೂತು ಬಿಲ್ಲು ಬರೆದವರು ಮೊದಲ ಸಲ ಒಬ್ಬರನ್ನೊಬ್ಬರು ಅಡ್ಡಡ್ಡ ನೋಡುತ್ತಿದ್ದರು. ಬಿಲ್ ಕಲೆಕ್ಟರ್ ರಾಚಪ್ಪನಿಗೆ ಅಂದೇ ಸಣ್ಣ ಜ್ವರ ಬಂದಿತ್ತು. ಬರಲಾಗುವುದಿಲ್ಲ ಎಂದು ಹೇಳಲು ಬಾಗಿಲಿಗೆ ಬಂದ. ಹುಲಿಗೆವ್ವ ಅವನ ಹಣೆ ಮುಟ್ಟಿ ನೋಡಿ, ಇಂಥವನೇ ಬೇಕಾಗಿತ್ತೆಂದು ಕೈಹಿಡಿದು ಒಳಗೆ ಕರೆದೊಯ್ದು ನಡುವಿನ ಗೂಡಿಗೆ ಮಲಗಿಸಿದಳು. ಅವನ ಹೆಂಡತಿ ಅಲ್ಲಿಗೇ ಗಂಜಿ ತಂದಳು. ಗೂಡಿಗೊಂದರಂತೆ ಇಟ್ಟಿದ್ದ ಥರ್ಮಾಮೀಟರುಗಳನ್ನು ಹುಲಿಗೆವ್ವ ಗಳಿಗೆಗೊಮ್ಮೆ ನೋಡುತ್ತ, ಇಲ್ಲಿ ಕೌದಿ ಸರಿಸು, ಅಲ್ಲಿ ಚೀಲ ಬದಲಿಸು ಎಂದು ಓಡಾಡುತ್ತಿದ್ದಳು. ನಮ್ಮೆಲ್ಲರ ಮೇಲಧಿಕಾರಿ ಆ ಮೂರು ದಿನ ಅವಳೇ. ಬಾಗಿಲ ಬಳಿಯ ಗೂಡು ನನಗೂ ತೋಟಪ್ಪನಿಗೂ ಬಂದಿತ್ತು. ಜನ ಒಳಗೆ ಹೊರಗೆ ಮಾಡುವಾಗೆಲ್ಲ ಅಲ್ಲಿ ಗಾಳಿ ನುಗ್ಗುತ್ತಿತ್ತು. ನಾನು ಬೆನ್ನನ್ನು ಬಾಗಿಲಿಗೆ ಒಡ್ಡಿ ಮಲಗಿದೆ.

ಎರಡನೆಯ ದಿನ ನಗು ಇರಲಿಲ್ಲ. ಸೊಂಟ ನೋಯುತ್ತಿತ್ತು, ಹೊಟ್ಟಿನ ಧೂಳಿಗೆ ಕೆಮ್ಮು, ತಿರುಗಿ ಮಲಗುವ ಹಾಗಿಲ್ಲ. ವಿಮಲಾಬಾಯಿ ಹದಿಮೂರು ತಾಸು ಎದ್ದಿರಲಿಲ್ಲ. ಅವಳ ಬದಲಿಯವನು ಬಾರದೆ ಮನೆಯಲ್ಲೇ ಉಳಿದಿದ್ದ. ಅವಳು ಅವನನ್ನು ಬಯ್ಯದೆ ಮೊಟ್ಟೆಗಳ ಮೇಲಿನ ಗುರುತುಗಳನ್ನು ಓದುತ್ತ ಮಲಗಿದ್ದಳು. ಎಲೆ, ಕತ್ತರಿ, ಎರಡು ಗೀಟು. ಅಂದು ಮಧ್ಯಾಹ್ನ ಶಂಭುಲಿಂಗಪ್ಪನವರು ಬಂದರು. ಕಂಕುಳಲ್ಲಿ ನಮ್ಮ ರಜೆ ಅರ್ಜಿಗಳ ಕಟ್ಟು ಇತ್ತು. ಒಂದನ್ನೂ ತಾನು ಮಂಜೂರು ಮಾಡಿಲ್ಲ, ಎಲ್ಲರೂ ಈಗಿಂದೀಗ ಕಚೇರಿಗೆ ಬರತಕ್ಕದ್ದು ಎಂದು ಹೇಳಲು ಬಂದಿದ್ದರು. ಅದು ಮೊಟ್ಟೆಗಳ ಮಗ್ಗುಲು ಬದಲಿಸುವ ಹೊತ್ತು. ಹುಲಿಗೆವ್ವ ರಾಚಪ್ಪನ ಗೂಡಿನ ಚೀಲ ಬದಲಿಸಲು ಮೊಟ್ಟೆಗಳನ್ನು ಎತ್ತುತ್ತಿದ್ದಳು. ಇಡಲು ಜಾಗವಿಲ್ಲ. ಎದುರಿಗೆ ಸಾಹೇಬರು ನಿಂತಿದ್ದರು.

"ಸಾಹೇಬ್ರ, ಇವನ್ನಷ್ಟು ಹಿಡೀರಿ," ಎಂದು ಅವರ ಎರಡೂ ಅಂಗೈ ಕೂಡಿಸಿ ನಾಲ್ಕು ಮೊಟ್ಟೆ ಇಟ್ಟಳು. ಕಟ್ಟು ಕಂಕುಳಿನಿಂದ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲು ಅವರಿಗೆ ಕೈಯಿರಲಿಲ್ಲ.

ಅವರು ನಿಂತಲ್ಲಿಂದಲೇ ತಮ್ಮ ಆದೇಶವನ್ನು ಹೇಳತೊಡಗಿದರು. ಯಾವ ನಿಯಮ, ಎಷ್ಟನೆಯ ಕಲಮು, ಏನು ಶಿಕ್ಷೆ. ಅರ್ಧ ಹೇಳಿದ್ದರು, ನಿಲ್ಲಿಸಿದರು. ಬೊಗಸೆಯನ್ನು ನೋಡಿಕೊಂಡರು. ಹದಿನೆಂಟನೆಯ ದಿನದ ಮೊಟ್ಟೆ ಕೆಲವೊಮ್ಮೆ ಒಳಗಿನಿಂದ ಅಲುಗುತ್ತದೆ. ಕೈಯಲ್ಲಿ ಹಿಡಿದವರಿಗೆ ಮಾತ್ರ ಅದು ಗೊತ್ತಾಗುತ್ತದೆ. ನಮಗೆಲ್ಲ ಎರಡು ದಿನದಿಂದ ಗೊತ್ತಾಗುತ್ತಿತ್ತು. ಹುಲಿಗೆವ್ವ ಬೇಕೆಂದೇ ನಿಧಾನ ಮಾಡಿದಳೋ, ಚೀಲ ನಿಜವಾಗಿಯೂ ಬಿಸಿಯಿತ್ತೋ, ನನಗೆ ತಿಳಿಯದು. ಅವಳು ಮೊಟ್ಟೆಗಳನ್ನು ವಾಪಸು ತೆಗೆದುಕೊಂಡ ಮೇಲೆ ಅವರು ಬಗ್ಗಿ ಅರ್ಜಿಗಳ ಕಟ್ಟನ್ನು ಎತ್ತಿಕೊಂಡು, ನಾಳೆ ತೀರ್ಮಾನ ಮಾಡುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟುಹೋದರು. ಮರುದಿನ ಅವರು ಬರಲಿಲ್ಲ. ಆದರೆ ವಿಮಲಾಬಾಯಿಯ ಬದಲಿಯವನು ಸಂಜೆಯೊಳಗೆ ತಲೆ ತಗ್ಗಿಸಿಕೊಂಡು ಬಂದ. ಯಾರು ಕಳಿಸಿದರೆಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮೂರನೆಯ ದಿನ ಸಂಜೆ ಆರಕ್ಕೆ ಬುಡ್ನೇಸಾಬ ಹೊಸ ಕಂಬದ ಮೇಲೆ ತಂತಿ ಎಳೆದು ಕಟ್ಟಿದ. ಹೇಳಿದ ಸಮಯಕ್ಕಿಂತ ಒಂದು ಗಳಿಗೆಯೂ ಹೆಚ್ಚಾಗಿರಲಿಲ್ಲ. ಹಿಂದಿನ ದಿನ ಸಂತೆಗೆ ಬಂದವರೆಲ್ಲ ಆ ದಾರಿಯಲ್ಲೇ ಬುಟ್ಟಿ ಹೊತ್ತು ಬಂದು ಹೋಗಿದ್ದರು. ಕಪಾಟಿನ ಬಲ್ಬುಗಳು ಹೊತ್ತಿಕೊಂಡವು. ಗೂಡಿನ ಮೊಟ್ಟೆಗಳನ್ನು ಅದೇ ಟ್ರೇಗೆ, ಅದೇ ಸಾಲಿಗೆ ಜೋಡಿಸಿ ಮನೆಗೆ ಹೋಗಿ ಮಲಗಿದೆವು.

ಇಪ್ಪತ್ತೊಂದನೆಯ ದಿನ ಹೆಂಗಸರು ಬುಟ್ಟಿ ಹಿಡಿದು ಬಂದರು. ಒಂದು ಮೊಟ್ಟೆಯೂ ಬಿರಿದಿರಲಿಲ್ಲ. ಇಪ್ಪತ್ತೆರಡನೆಯ ದಿನವೂ ಇಲ್ಲ. ಕಾವು ಸ್ವಲ್ಪ ಕಡಿಮೆಯಾದರೆ ಮರಿ ತಡವಾಗುತ್ತದೆಂದು ಹುಲಿಗೆವ್ವ ಎಲ್ಲರಿಗೂ ಹೇಳಿ ಕಳಿಸಿದಳು. ಅವರು ಹೋದ ಮೇಲೆ ಅವಳು ಕಪಾಟಿನ ಕಡೆ ನೋಡದೆ ಅಂಗಳದಲ್ಲಿ ಅಕ್ಕಿ ಆರಿಸುತ್ತ ಕೂತದ್ದನ್ನು ನಾನು ನೋಡಿದೆ. ನನಗೆ ಅನುಮಾನ ಬರುವುದು ಅಪರೂಪ. ಅಂದು ಬಂತು. ಹದಿನಾರು ಜನರ ರಜೆ, ಸೊಂಟ, ನಲವತ್ತು ಮನೆಯ ನಂಬಿಕೆ, ಎಲ್ಲವನ್ನೂ ನಾನು ನನ್ನ ಒಂದು ಮಾತಿಗೆ ಒತ್ತೆ ಇಟ್ಟಿದ್ದೆ. ಹೂಳುವುದಿದ್ದರೆ ಗುಂಡಿ ನಾನೇ ತೆಗೆಯಬೇಕೆಂದು ಹಿತ್ತಲಿಗೆ ಹೋಗಿ ಗುದ್ದಲಿ ಎಲ್ಲಿದೆಯೆಂದೂ ನೋಡಿ ಬಂದೆ.

ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಹುಲಿಗೆವ್ವ ನನ್ನ ಮನೆಗೇ ಬಂದಳು. ಕೈ ಹಿಡಿದು ಕರೆದುಕೊಂಡು ಹೋದಳು. ಕಪಾಟಿಗೆ ಕಿವಿ ಹಚ್ಚು ಎಂದಳು. ಒಳಗೆ ಸಣ್ಣ ಮಳೆ ಬಿದ್ದ ಹಾಗೆ ಟಿಕ್ ಟಿಕ್ ಸದ್ದು. ನಡುನಡುವೆ ಚೀಂವ್ ಎಂಬ ದನಿ. ಬಾಗಿಲು ತೆರೆದರೆ ರಾಚಪ್ಪನ ಟ್ರೇಯಲ್ಲಿ ಆಗಲೇ ಹತ್ತಾರು ಮರಿ ಹೊರಗೆ ಬಂದು, ಒದ್ದೆ ಮೈಯಲ್ಲಿ ತೂರಾಡುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಟ್ರೇ ಟ್ರೇ ಹಳದಿ, ಕಂದು, ಕಪ್ಪು. ಕಚೇರಿ ಬಿಟ್ಟು ಎಲ್ಲರೂ ಓಡಿ ಬಂದರು. ತಂತಮ್ಮ ಗೂಡಿನ ಮರಿಗಳನ್ನು ತಾವೇ ಹೆತ್ತವರಂತೆ ಎಣಿಸಿದರು. ವಿಮಲಾಬಾಯಿಯ ಎಂಬತ್ತರಲ್ಲಿ ಎಪ್ಪತ್ತೆಂಟು. ಅವಳು ಬಾಯಿಗೆ ಸೆರಗು ಹಿಡಿದುಕೊಂಡು ಗೋಡೆಗೆ ಒರಗಿದಳು.

ನಮ್ಮ ಟ್ರೇಯಲ್ಲಿ, ಬಾಗಿಲ ಬಳಿಯ ಗೂಡಿನದರಲ್ಲಿ, ಸಂಜೆಯವರೆಗೆ ಕಾದರೂ ಹನ್ನೊಂದೇ ಮರಿ. ತೋಟಪ್ಪ ಮತ್ತೆ ಮತ್ತೆ ಬಂದು ಬಗ್ಗಿ ನೋಡಿ ಹೋದ. ಎಲ್ಲರೂ ಹೋದ ಮೇಲೆ ನಾನು ಆ ಟ್ರೇಯ ಮುಂದೆ ಕೂತಿದ್ದೆ. ಇಷ್ಟೆಲ್ಲ ಮಾಡಿಸಿದವಳ ಮೈಯಲ್ಲೇ ಕಾವಿರಲಿಲ್ಲ ಎನ್ನಿಸಿತು. ಹಾಗೆಂದು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಹುಲಿಗೆವ್ವ ಮರಿಗಳಿಗೆ ನುಚ್ಚು ಹಾಕುತ್ತಿದ್ದಳು.

"ಗಾಳಿ ಎಲ್ಲಿಂದ ಬರ್ತಿತ್ತು?" ಎಂದು ಕೇಳಿದಳು.

"ಬಾಗಲಕಡಿಂದ."

"ನಿಮ್ಮ ಬೆನ್ನು ತಡದದ್ದಕ್ಕ ಅದು ಒಳಗಿನ ಏಳು ಗೂಡಿಗೆ ಮುಟ್ಟಲಿಲ್ಲ. ಅಲ್ಲಿ ಯಾರರ ಮಲಗಬೇಕಾಗಿತ್ತು ಬಾಯಾರ. ನಾ ನೋಡೇ ನಿಮ್ಮನ್ನ ಹಾಕಿದ್ದೆ."

ಹೊರಗೆ ಬಂದು ಬಾವಿಯ ನೀರು ಸೇದಿ ಮುಖ ತೊಳೆದುಕೊಂಡೆ.

ಮರುದಿನ ವಿಚಾರಣೆ. ಕಚೇರಿಯ ದೊಡ್ಡ ಕೋಣೆಯಲ್ಲಿ ಶಂಭುಲಿಂಗಪ್ಪನವರು ನಷ್ಟದ ಪುಸ್ತಕ ತೆರೆದುಕೊಂಡು ಕೂತಿದ್ದರು. ಐಸ್ ಕಾರ್ಖಾನೆಯವರು, ಗಿರಣಿಯವರು, ಚಿತ್ರಮಂದಿರದವರು ಅರ್ಜಿ ಹಿಡಿದು ಬಂದಿದ್ದರು. ಅವರ ಅರವತ್ತರವತ್ತು ತಾಸನ್ನು ಮಂದಾಕಿನಿಯವರೊಬ್ಬರೇ ತೀರಿಸತಕ್ಕದ್ದು ಎಂದು ಬರೆದು ನನ್ನ ಕಡೆ ನೋಡಿದರು. ಒಪ್ಪಿಗೆ ಎಂದು ಸಹಿ ಮಾಡಿದೆ. ಹುಲಿಗೆವ್ವನನ್ನು ಸಾಕ್ಷಿಯೆಂದು ಕರೆಸಿದ್ದರು. ಅವಳು ಮಡಿಲಲ್ಲಿ ಕೌದಿ ಹೊದಿಸಿದ ಪುಟ್ಟ ಬುಟ್ಟಿಯೊಂದನ್ನು ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು. ಅವಳು ಏನು ಹೇಳುವಳೆಂದು ನನಗೆ ಆತಂಕ. ನಷ್ಟವಾಯಿತು ಎಂದರೆ ನಮ್ಮ ದುಡಿಮೆ ಪರಿಹಾರದ ಲೆಕ್ಕಕ್ಕೆ ಬರುತ್ತದೆ, ನಾನು ಉಳಿಯುತ್ತೇನೆ, ಆದರೆ ಮೊದಲೇ ಹೋಗಿ ಕೂತದ್ದರಿಂದ ಏನೂ ಉಪಯೋಗವಾಗಲಿಲ್ಲವೆಂದು ಪುಸ್ತಕದಲ್ಲಿ ನಿಲ್ಲುತ್ತದೆ. ನಷ್ಟವಿಲ್ಲ ಎಂದರೆ ನಾನು ತಪ್ಪಿತಸ್ಥಳು. ತಪ್ಪಿತಸ್ಥಳಾಗುವುದೇ ಮೇಲು, ಹಾಗೇ ಹೇಳು ಎಂದು ಹಿಂದಿನ ದಿನ ಅವಳಿಗೆ ಹೇಳಿಕೊಟ್ಟಿದ್ದೆ.

ಸಾಹೇಬರು ನಷ್ಟ ಆಗಿದೆಯೋ ಇಲ್ಲವೋ ಎಂದು ಕೇಳಿದರು. ಹುಲಿಗೆವ್ವ ನನ್ನ ಕಡೆ ನೋಡಲೇ ಇಲ್ಲ.

"ತೊಂಬತ್ತು ಹೋಗ್ಯಾವ್ರಿ. ಐದುನೂರಾ ಐವತ್ತು ಉಳದಾವ. ಬರಿಯೂದಾದ್ರ ಎರಡೂ ಬರೀರಿ."

"ಉಳದದ್ದನ್ನ ಬರಿಯಾಕ ಇದರಾಗ ಜಾಗ ಇಲ್ಲವ್ವ."

"ಹಂಗಾರ ಹೋದದ್ದನ್ನೂ ಬರೀಬ್ಯಾಡ್ರಿ," ಎಂದಳು ಅವಳು. "ಅರ್ಧಾ ಸುದ್ದಿ ಬರದ್ರ ಸುಳ್ಳಾಕ್ಕೈತಿ."

ಶಂಭುಲಿಂಗಪ್ಪನವರು ಪುಸ್ತಕದ ಹಾಳೆಯನ್ನು ನೋಡುತ್ತ ಕೂತರು. ಅದು ಅವರಿಗಿಂತ ಮೊದಲಿನ ಮೂವರು ಅಧಿಕಾರಿಗಳು ಬರೆದ ಪುಸ್ತಕ. ಹೆಸರು, ತಾಸು, ಏನು ನಷ್ಟ, ಯಾರು ತೀರಿಸಿದರು. ನಾಲ್ಕು ಕಾಲಮು. ಅವರು ಡ್ರಾಯರಿನಿಂದ ಅಳತೆಪಟ್ಟಿ ತೆಗೆದರು. ಹಾಳೆಯ ಬಲಗಡೆಯ ಅಂಚಿನಲ್ಲಿ, ಖಾಲಿ ಬಿಟ್ಟ ಜಾಗದಲ್ಲಿ, ಮೇಲಿನಿಂದ ಕೆಳಗಿನವರೆಗೆ ನೇರವಾಗಿ ಒಂದು ಗೆರೆ ಎಳೆದರು. ಅದರ ತಲೆಯ ಮೇಲೆ 'ಉಳಿದದ್ದು' ಎಂದು ಬರೆದರು. ಆಮೇಲೆ ನಮ್ಮ ರಜೆ ಅರ್ಜಿಗಳ ಕಟ್ಟನ್ನು ನನ್ನ ಕೈಗೆ ಕೊಟ್ಟು, ಇವು ನನಗೆ ಮುಟ್ಟಿಯೇ ಇಲ್ಲ, ಅವರವರಿಗೆ ವಾಪಸು ಕೊಡಿ ಎಂದರು. ಮುಂದಿನ ಸಲ ಕರೆಂಟು ತೆಗೆಯುವ ಆದೇಶದ ಜೊತೆಗೆ, ಯಾರು ಯಾರ ಮನೆಗೆ ಮೊದಲೇ ಹೋಗಬೇಕೆಂಬ ಪಟ್ಟಿಯನ್ನೂ ಮಾಡಿ ತರಬೇಕೆಂದು ಹೇಳಿದರು. ಐಸ್ ಕಾರ್ಖಾನೆಯವರು ತಮ್ಮನ್ನು ಪಟ್ಟಿಯ ಮೊದಲಿಗೇ ಹಾಕಿಕೊಳ್ಳಿ ಎಂದರು. ಗಿರಣಿಯವರೂ ಅದನ್ನೇ ಹೇಳಿದರು.

ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ನಷ್ಟದ ಕಾಲಮಿನಲ್ಲಿ ತೊಂಬತ್ತು ಎಂದು ಬರೆಯಲು ಹೋದರು. ಹುಲಿಗೆವ್ವ ಎದ್ದು ಬಂದು ತನ್ನ ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಕೌದಿಯ ಅಂಚು ಸರಿಸಿದಳು. ಒಳಗೆ ಇಪ್ಪತ್ತರಷ್ಟು ಮೊಟ್ಟೆ ಇದ್ದವು. ಹೆಚ್ಚಿನವು ನಮ್ಮ ಬಾಗಿಲ ಬಳಿಯ ಗೂಡಿನವು.

"ಇವುಕ್ಕ ಸತ್ತಾವ ಅನ್ನಾಕ ನನಗ ಇನ್ನೂ ಬಾಯಿ ಬರವಲ್ದು," ಎಂದಳು. "ಸಂಜಿತನಕ ನೋಡೂಣು."

ಶಂಭುಲಿಂಗಪ್ಪನವರು ಪೆನ್ನಿನ ಮುಚ್ಚಳ ಹಾಕಿದರು. ಡ್ರಾಯರಿನಲ್ಲಿ ತಡಕಾಡಿ ಒಂದು ಪೆನ್ಸಿಲ್ಲು ಹುಡುಕಿ, ತೊಂಬತ್ತು ಎಂದು ತೆಳುವಾಗಿ ಬರೆದು, ರಬ್ಬರನ್ನು ಪುಸ್ತಕದ ಪಕ್ಕದಲ್ಲೇ ಇಟ್ಟುಕೊಂಡರು. ಬುಟ್ಟಿಯನ್ನು ತಮ್ಮ ಮೇಜಿನ ದೀಪದ ಕೆಳಗೆ ಸರಿಸಿದರು. ಐದಕ್ಕೆ ಕಚೇರಿ ಮುಚ್ಚುವ ಹೊತ್ತಿಗೆ ಅವರು ಆ ಸಂಖ್ಯೆಯನ್ನು ಎರಡು ಸಲ ಅಳಿಸಿ ಬರೆದಿದ್ದರು.